ತೊಳೆದ ಎಡಿಟರ್, ತೊಳೆಯದ ಲ್ಯಾಪ್‌ಟಾಪ್

ಖಂಡೆ ಪೂಜಾ ಅಂದ್ರ ನವಮಿ ದಿನದ ಆಯುಧ ಪೂಜಾ; ಅದರ ಹಿಂದಿನ ದಿನ ಆಯುಧ ತೊಳೀಬೇಕು. ನಮ್ಮ ಮನ್ಯಾಗ ಈ ಮಾತಿಗೆ ಅಪೀಲ್ ಇಲ್ಲ.

ನಮ್ಮಪ್ಪ ಊರ ಹೊರಗಿನ ಶೇಂದ್ರಾದ ಒಂದು ಕಾರ್ಖಾನಿಯೊಳಗ ಟೂಲ್‌ರೂಮ್ ನೋಡ್ಕೋತಿದ್ದ. ಮಷೀನ್ ಬಿಚ್ಚೋ ಪಾನಾ, ಅಳತಿ ನೋಡೋ ಗೇಜು, ಬೋಲ್ಟಿಗೆ ಚೂಡಿ, ಅಂದ್ರ ಸುತ್ತಿನ ಗೆರಿ, ಕೊರಿಯೋ ಸಾಮಾನು, ಎಲ್ಲಾ ಇವನ ಸುಪರ್ದಿಗೆ. ನಾ ಸಣ್ಣಾಕಿ ಇದ್ದಾಗ ಅಷ್ಟಮಿ ದಿನ ತನ್ನ ಸ್ವಂತ ಪಾನಾದ ಡಬ್ಬಿ ಮನಿಗೆ ತಂದು, ಬಾಗಲ ಮುಂದ ಹಳೇ ಪರಾತ ಇಟ್ಟು, ಚಿಮಣಿ ಎಣ್ಣಿಯೊಳಗ ಒಂದೊಂದೇ ಅದ್ದಿ ಉಜ್ಜತಿದ್ದ. ಒರಿಸಿ ಬಿಸಲಿಗೆ ಇಡೋ ಕೆಲಸ ನಂದು. ಬೀದರ್ ಕಡೆಯಿಂದ ಛತ್ರಪತಿ ಸಂಭಾಜಿನಗರಕ್ಕ ಬಂದು ಅಪ್ಪ-ಅವ್ವ ಎಷ್ಟೋ ಬಿಟ್ಟಾರ, ಇದೊಂದು ಬಿಟ್ಟಿಲ್ಲ. ನನ್ನ ಕನ್ನಡದಾಗ ಅರ್ಧ ಮರಾಠಿ ಕೂಡ್ಯದ ಅಂತ ಅವ್ವ ಬೈತಾಳ, ಆದ್ರ ಅಷ್ಟಮಿ ಮರೀಲಿಲ್ಲಲ್ಲ ನನ್ನ ಮಗಳು ಅಂತ ಓಣಿಗೆಲ್ಲಾ ಹೇಳ್ಕೊಂಡೂ ಬರ್ತಾಳ.

ಈಗ ನಾ ನಾಶಿಕದಾಗ ಪ್ರೋಗ್ರಾಮ್ ಬರಿಯೋ ಕೆಲಸದಾಗ ಇದ್ದೀನಿ. ನನ್ನ ಆಯುಧ ಲ್ಯಾಪ್‌ಟಾಪ್. ಅದನ್ನ ಚಿಮಣಿ ಎಣ್ಣಿಯೊಳಗ ಅದ್ದಕ್ಕ ಬರಂಗಿಲ್ಲಲ್ಲ! ಅದಕ್ಕ ನಂದೇ ಒಂದು ಪದ್ಧತಿ ಮಾಡ್ಕೊಂಡೀನಿ. ಕೀಬೋರ್ಡ್ ಒರಸೋದು, ಬ್ಯಾಡಾದ ಫೈಲ್ ಒಗಿಯೋದು, ವರ್ಷಪೂರ್ತಿ 'ಆಮ್ಯಾಲ, ಆಮ್ಯಾಲ' ಅಂತ ಮುಂದ ತಳ್ಳಿದ ಅಪ್ಡೇಟ್ ಎಲ್ಲಾ ಒಂದೇ ಸಲ ಒತ್ತಿಬಿಡೋದು. ಒತ್ತಿ, ಒಂದು ಊದಿನಕಡ್ಡಿ ಹಚ್ಚಿ, ಕೈ ಮುಗಿಯೋದು. ಜಗತ್ತಿನಾಗ ಹಬ್ಬದ ಹಿಂದಿನ ದಿನ ಅಪ್ಡೇಟ್ ಒತ್ತೋ ಪ್ರೋಗ್ರಾಮರ್ ನನ್ನ ಬಿಟ್ಟು ಇನ್ನೊಬ್ಬಾಕಿ ಇರಲಿಕ್ಕಿಲ್ಲ. ಇದ್ರ ಆಕಿನೂ ನಮ್ಮ ಕಡೆಯಾಕಿನೇ ಇರಬೇಕು.

ನಾ ಹೇಳೋ ವರ್ಷ ಅಪ್ಪನ ಕೆಲಸದ ಕೊನೀ ವರ್ಷ. ದೀಪಾವಳಿ ಆದ ಮ್ಯಾಲ ರಿಟೈರ್. ಟೂಲ್‌ರೂಮಿನಾಗ ಎಂಟು ಕಪಾಟು, ಕಪಾಟಿನ ತುಂಬ ಖಾನೆ, ಯಾವ ಖಾನೆದಾಗ ಏನದ ಅಂಬೋದು ಅಪ್ಪನ ತಲಿಯೊಳಗ ಬಿಟ್ಟು ಇನ್ನೆಲ್ಲೂ ಬರದಿಲ್ಲ. ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬ್ರು ಸೀದಾ ಹೇಳಿದ್ರು: ದಸರಾದೊಳಗ ಕಂಪ್ಯೂಟರಿನಾಗ ಪಟ್ಟಿ ಆಗಬೇಕು. ಪಟ್ಟಿಯೊಳಗ ಇದ್ದದ್ದು ಇರ್ತದ, ಇಲ್ಲದ್ದು ಗುಜರಿಗೆ ಹೋಗ್ತದ.

ಅಪ್ಪ ನನಗ ಫೋನ್ ಮಾಡಿ, "ಏನೋ ಆ್ಯಪ್ ಗೀಪ್ ಮಾಡ್ತಿಯಲ್ಲ, ನಂಗೊಂದು ಮಾಡಿಕೊಡು" ಅಂದ. ಜನ್ಮದಾಗ ಮೊದಲ ಸಲ ಅಪ್ಪ ನನ್ನ ಕಡೆ ಏನರೆ ಬೇಡಿದ್ದು. ನಾ ನೆಲಕ್ಕ ಕಾಲು ಇಡಲಿಲ್ಲ ನೋಡ್ರಿ, ಅಷ್ಟು ಹಿಗ್ಗು! ಬ್ಯಾಸಗಿ ರಜಾಕ್ಕ ಮನಿಗೆ ಹೋದಾಗ ಶುರು ಮಾಡಿದೆ. ಆಮ್ಯಾಲ ಪ್ರತಿ ಐತವಾರ ಅಪ್ಪ ಫೋನಿನಾಗ ಹೇಳೋದು, ನಾ ನಾಶಿಕದಾಗ ಕೂತು ಬರಕೊಳ್ಳೋದು. ಟ್ಯಾಬ್ಲೆಟ್ ಮ್ಯಾಲ ಸಾಮಾನಿನ ಹೆಸರು ಒತ್ತಿದ್ರ ಕಪಾಟು, ಖಾನೆ ತೋರಸ್ತದ, ಅಷ್ಟೇ. ಅಪ್ಪ ಕಾರ್ಖಾನಿ ತುಂಬ ಡಂಗುರ ಹೊಡದಿದ್ದ: ಖಂಡೆ ಪೂಜಾದ ದಿನ ನಾಕು ಗಂಟೆಕ್ಕ, ಎರಡೂ ಪಾಳಿಯವರು ಕೂಡಿದಾಗ, ಆರತಿ ಆದ ಮ್ಯಾಲ ನನ್ನ ಮಗಳು ತೆಗದು ತೋರಸ್ತಾಳ ಅಂತ.

ಏಳು ಕಪಾಟು ಆಗಿದ್ವು. ಎಂಟನೇದು ಉಳಿದಿತ್ತು. ಅದರಾಗ ಹಳೇ ಮಷೀನಿನ ಇಂಚಿನ ಸಾಮಾನು. ಹೊಸ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ, ಆದ್ರ ಆ ಮಷೀನ್ ಇನ್ನಾ ನಡೀತಾವ. ಗುಜರಿಗೆ ಮೊದಲ ಹೋಗೋದು ಈ ಕಪಾಟೇ ಅಂತ ಅಪ್ಪಗ ಗೊತ್ತಿತ್ತು. ಅದಕ್ಕೇ ಒಂದೊಂದೂ ಕೈಯಾಗ ಹಿಡದು ನೋಡಿ, ಅಷ್ಟಮಿ ಮಧ್ಯಾಹ್ನ ಕೊನೀ ಖಾನೆತನಕ ಹೇಳಿ ಮುಗಿಸಿದ. ನಾ ಅವತ್ತು ಮುಂಜಾನೇನೇ ಎದ್ದು ಸ್ನಾನ ಮಾಡಿ ಆಯುಧ ತೊಳದು ಕೂತಿದ್ದೆ.

ಇಲ್ಲಿ ಎರಡು ಮಾತು ಹೇಳಬೇಕು. ಎಡಿಟರ್ ಅಂದ್ರ ಪ್ರೋಗ್ರಾಮ್ ಬರಿಯೋ ಜಾಗ. ಬರೆದದ್ದನ್ನ ಕೂಡಿಸಿ, ಕಟ್ಟಿ, ಟ್ಯಾಬ್ಲೆಟಿನಾಗ ನಡಿಯೋ ಆ್ಯಪ್ ಮಾಡಿ ಕೈಯಾಗ ಕೊಡೋದು ಬಿಲ್ಡ್ ಟೂಲ್. ಇವೆರಡರ ನಡುವ ಒಂದು ಪ್ಲಗಿನ್ ಅಂತ ಸಣ್ಣ ಸಹಾಯಕ. ಮೂರೂ ಒಂದಕ್ಕೊಂದು ಹೊಂದಬೇಕು. ನಾ ಭಾಳ ಶಾಣ್ಯಾಕಿ, ಪಟ್ಟಿನ ಬ್ಯಾರೆ ಇಡದೇ ಪ್ರೋಗ್ರಾಮಿನೊಳಗೇ ಹೊಲಿದಿದ್ದೆ. ಹಂಗಾಗಿ ಎಂಟನೇ ಕಪಾಟು ಸೇರಸ್ಬೇಕಂದ್ರ ಆ್ಯಪ್ ಮತ್ತ ಕಟ್ಟಬೇಕು.

ಕಟ್ಟಾಕ ಕೂತೆ. ಎಡಿಟರ್ ಅಂತು, "ನಾ ಈಗ ಹೊಸಾದು. ನಿನ್ನ ಬಿಲ್ಡ್ ಟೂಲ್ ಹಳೇದು, ನನಗ ನಡಿಯಂಗಿಲ್ಲ." ಆಯ್ತು ಮಾರಾಯ್ತಿ ಅಂತ ಹೊಸ ಬಿಲ್ಡ್ ಟೂಲ್ ತಂದೆ. ಅದು ಅಂತು, "ಈ ಪ್ಲಗಿನ್ ಯಾವ ಕಾಲದ್ದು? ಹೊಸಾದು ತಾ." ಹುಡಕಿದ್ರ ಹೊಸಾದು ಇಲ್ಲೇ ಇಲ್ಲ. ಅದನ್ನ ಬರೆದ ಪುಣ್ಯಾತ್ಮ ಯಾವಾಗೋ ತನ್ನ ಸೈಟ್ ಬಂದ್ ಮಾಡಿ ಹೋಗ್ಯಾನ. ಹೋಗ್ಲಿ, ಎಲ್ಲಾ ಹಳೇದಕ್ಕೇ ಹೊಳ್ಳಿ ಹೋಗೂಣು ಅಂತ ಹಳೇ ಎಡಿಟರ್ ಇಳಿಸಿದೆ. ಅದು ಕಣ್ಣು ತೆರೀತು, ನೆಟ್ ನೋಡ್ತು, ನನ್ನ ಒಂದು ಮಾತೂ ಕೇಳದೇ ತಾನೇ ಹೊಸಾದಾಗಿ ಕೂತ್ಕೊಂಡ್ತು. ನಿನ್ನ ಹೆಣಾ ಎತ್ತಲಿ! ಅದರ ಕೊರಳು ಹಿಡದು ಮತ್ತ ಹಳೇದು ಮಾಡಿದೆ. ಆಗ ಹಳೇ ಪ್ಲಗಿನ್ ಬೇಕಂತು. ಹಳೇ ಪ್ಲಗಿನ್ ಎಲ್ಲದ? ಒಂದು ಅಡಗಿಸಿಟ್ಟ ಫೋಲ್ಡರಿನಾಗ ಇತ್ತು. ಆ ಫೋಲ್ಡರ್ ಎಲ್ಲದ? ಮುಂಜಾನೆ, 'ಅಯ್ಯಯ್ಯ ಎಷ್ಟು ಕಸ ಕೂಡ್ಯದ' ಅಂತ ಗುಡಿಸಿ ಒಗದೀನಿ. ಕಸದ ಬುಟ್ಟಿನೂ ಖಾಲಿ ಮಾಡೀನಿ. ಸ್ವಚ್ಛ ಅಂದ್ರ ಸ್ವಚ್ಛ.

ಅಳಬೇಕಾಗಿತ್ತು. ನನಗ ನಗು ಬಂತು. ಒಬ್ಬಾಕಿನೇ ಖೋಲಿಯೊಳಗ ಕೂತು ಹೊಟ್ಟಿ ಹಿಡ್ಕೊಂಡು ನಕ್ಕೆ. ನಗ್ತಾ ನಗ್ತಾನೇ ನಮ್ಮ ಆಫೀಸಿನ ಸೀನಿಯರಿಗೆ ಫೋನ್ ಮಾಡಿದೆ. ಮರಾಠಿಯವರು, ಎಲ್ಲಾರೂ ದಾದಾ ಅಂತೀವಿ, ಹಬ್ಬಕ್ಕ ಘೋಟಿಗೆ ತಮ್ಮ ಮನಿಗೆ ಹೋಗಿದ್ರು.

"ದಾದಾ, ಎಡಿಟರ್ ಬಿಲ್ಡ್ ಟೂಲಿಗೆ ಒಲ್ಲೆ ಅಂತದ, ಬಿಲ್ಡ್ ಟೂಲ್ ಪ್ಲಗಿನ್ನಿಗೆ ಒಲ್ಲೆ ಅಂತದ."

"ಎಲ್ಲಾ ಡಿಲೀಟ್ ಮಾಡಿ ಹೊಸದಾಗಿ ಹಾಕಿ ನೋಡು."

"ಡಿಲೀಟ್ ಮಾಡಿದ್ದಕ್ಕೇ ಹಿಂಗಾಗ್ಯದ ದಾದಾ!"

ದಾದಾನೂ ನಕ್ರು. ಆಮ್ಯಾಲ, "ಆ ಪ್ಲಗಿನ್ ಬಿಟ್ಟು ಬರಿ. ಎರಡು ವಾರದ ಕೆಲಸ," ಅಂದ್ರು. ನನ್ನ ಹತ್ರ ಇದ್ದದ್ದು ಒಂದು ದಿನ.

ಮರುದಿನ ನವಮಿ, ಮುಂಜಾನೆ ಮುಂಜಾನೆ ನಾಶಿಕ ರೋಡ್ ಸ್ಟೇಶನ್ನಿನಾಗ ರೈಲುಗಾಡಿ ಹತ್ತಿದೆ. ಕಿಟಕಿ ಸಿಕ್ಕಿತ್ತು, ತೊಡಿ ಮ್ಯಾಲ ಲ್ಯಾಪ್‌ಟಾಪ್. ಫೋನಿನ ನೆಟ್ ಬರ್ತಿತ್ತು, ಹೋಗ್ತಿತ್ತು. ಬಂದಾಗೊಮ್ಮೆ ಎಡಿಟರ್ ಹೊಸಾದಾಗ್ಲಿಕ್ಕೆ ನೋಡ್ತಿತ್ತು, ನಾ ಗಬಕ್ಕನ ನೆಟ್ ಬಂದ್ ಮಾಡ್ತಿದ್ದೆ. ಕನ್ನಡ ಯಾರಿಗೂ ತಿಳಿಯಂಗಿಲ್ಲ ಅಂತ ಧೈರ್ಯದಲೆ ಬಾಯಿ ತುಂಬ ಬೈಲತ್ತಿದ್ದೆ. ಎದುರಿಗೆ ಕೂತ ಒಬ್ಬಾಕಿ ಹೆಣ್ಣಮಗಳು ಸೆರಗು ಬಾಯಿಗೆ ಹಿಡದು ಗೊಳ್ಳನೆ ನಕ್ಕಳು.

"ಯಾರಿಗಿ ಬೈಲತ್ತಿ ಯವ್ವಾ? ಗಂಡಗೇನು?"

ನನ್ನ ಮಾರಿ ಕೆಂಪಗಾಯ್ತು. ಕಲಬುರಗಿ ಕಡೆಯಾಕಿ, ಗಂಡ ಹೆಂಡತಿ ಇಬ್ಬರೂ ನಾಶಿಕದಾಗ ಬಿಲ್ಡಿಂಗ್ ಕೆಲಸಕ್ಕ ಇದ್ದರಂತ. ಆಕಿಗೆ ಕಥಿ ಎಲ್ಲಾ ಹೇಳಿದೆ. ಬ್ಯಾರೆ ಯಾರಿಗಾದ್ರೂ ತಿಳೀತಿತ್ತೋ ಇಲ್ಲೋ, ಆಕಿ ಕೇಳಿ, "ಅಲ್ಲಬೇ, ನಾವು ಸೆಂಟ್ರಿಂಗ್ ಹಲಗಿ ಸ್ಲ್ಯಾಬ್ ಗಟ್ಟಿ ಆದ ಮ್ಯಾಲ ಬಿಚ್ಚತೀವಿ. ನೀ ಮೊದಲೇ ಬಿಚ್ಚಿದಿ?" ಅಂದ್ಳು. ಇಂಜಿನಿಯರಿಂಗ್ ನಾಕು ವರ್ಷ ಕಲ್ತೀನಿ, ಯಾರೂ ಇಷ್ಟು ನೆಟ್ಟಗ ಹೇಳಿರಲಿಲ್ಲ. ದೌಲತಾಬಾದಿನ ಕೋಟಿ ಕಾಣೋತನಕ ಇಬ್ಬರೂ ನಕ್ಕೆವು, ಆಕಿ ಕೊಟ್ಟ ಶೇಂಗಾ ಹೋಳಗಿ ತಿಂದೆ.

ಗಾಡಿ ಇಳದ ಮ್ಯಾಲ ಮಾತ್ರ ನಗು ನಿಂತು ಹೋಯ್ತು. ಅಪ್ಪಗ ಏನಂತ ಹೇಳ್ಲಿ?

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಹಣಿಗೆ ಇಭೂತಿ ಹಚ್ಕೊಂಡು ತಯಾರಾಗಿ ಕೂತಿದ್ದ. ನಾ ಚಪ್ಪಲಿ ಸಹ ಬಿಡದೇ ಎಲ್ಲಾ ಹೇಳಿಬಿಟ್ಟೆ. ಅವ ಮಷೀನ್ ಕೆಟ್ಟಾಗ ಕೇಳೋ ಹಂಗೇ ಕೇಳಿದ. "ಮೊದಲ ಯಾವುದು ಬದಲ ಮಾಡಿದಿ?"

"ಎಡಿಟರ್."

"ಯಾಕ? ಕೆಟ್ಟಿತ್ತೇನು?"

"ಇಲ್ಲಪ್ಪ. ಅಷ್ಟಮಿ ಅಂತ... ತೊಳದೆ."

ಅಪ್ಪ ನನ್ನ ಮಾರಿ ನೋಡಿದ. ಆಮ್ಯಾಲ ಹ್ಯಾಂಗ ನಕ್ಕ ಅಂದ್ರ, ಕಣ್ಣಾಗ ನೀರು ಬಂದು ಇಭೂತಿ ತನಕ ಒರಿಸ್ಕೊಂಡ. "ಹುಚ್ಚಿ! ತೊಳಿಯೋದು ಅಂದ್ರ ಒರಿಸಿ ಎಣ್ಣಿ ಹಚ್ಚೋದು. ಇಂಚಿನ ಬೋಲ್ಟಿಗೆ ಮಿಲಿಮೀಟರ್ ನಟ್ ಹಾಕು ಅಂತ ಯಾರ್ ಹೇಳ್ಯಾರ? ಎರಡು ಸುತ್ತು ಹತ್ತಿದಂಗ ಮಾಡ್ತದ, ಆಮ್ಯಾಲ ಚೂಡಿ ತಿಂದು ಕುಂದರ್ತದ." ನನ್ನ ಆಫೀಸಿನಾಗ ಅರ್ಧ ಮಂದಿಗೆ ತಿಳಿಯದ ಮಾತು, ನಾ ಚಪ್ಪಲಿ ಬಿಡೋದರೊಳಗ ಅಪ್ಪ ತಿಳ್ಕೊಂಡಿದ್ದ.

ನಕ್ಕು ಮುಗದ ಮ್ಯಾಲ ಗಡಿಯಾರ ನೋಡಿದ. ಅವನ ಮಾರಿ ಇಳೀತು. "ಎಂಟನೇದು ಹೋಗ್ತದ ಹಂಗಾರ," ಅಂದ. ಅಷ್ಟೇ ಅಂದ. ಬೈದಿದ್ರ ಛಲೋ ಇರ್ತಿತ್ತು.

ನಾ ತಲಿ ಕೆಳಗ ಹಾಕಿ ಕೂತೆ. ಕೂತಲ್ಲಿಂದ ಪೂಜಾದ ಮೂಲಿ ಕಾಣ್ತಿತ್ತು. ಅವ್ವ ನಸುಕಿನಾಗೇ ಪೂಜಾ ಮಾಡಿ ಮುಗಿಸಿದ್ಳು. ಕಟಗಿ ಮಣಿ ಮ್ಯಾಲ ಅಪ್ಪನ ಪಾನಾ, ಅಡಗಿಮನಿ ಈಳಿಗಿ, ಅವ್ವನ ಕತ್ರಿ, ಮತ್ತ ಅವುಗಳ ಹಿಂದ ಇಭೂತಿ ಕುಂಕುಮ ಹಚ್ಕೊಂಡು, ಚೆಂಡು ಹೂವ ಮುಡ್ಕೊಂಡು, ಮೈಗೆಲ್ಲಾ ಅರಿಷಿಣದ ನೂಲು ಸುತ್ಕೊಂಡು ಕೂತಿತ್ತು ನನ್ನ ಕಾಲೇಜಿನ ಹಳೇ ಲ್ಯಾಪ್‌ಟಾಪ್!

ಬ್ಯಾಸಗಿ ರಜಾದಾಗ ಆ್ಯಪ್ ಶುರು ಮಾಡಿದ್ದು ಇದರಾಗೇ. ಹೊಸಾದು ಬಂದ ಮ್ಯಾಲ ಇಲ್ಲೇ ಬಿಟ್ಟು ಹೋಗಿದ್ದೆ. ಏನೂ ಒಗಿಯೋದು ಅಪ್ಪನ ಜಾತಕದಾಗೇ ಇಲ್ಲ, ಅರಿವಿ ಸುತ್ತಿ ಇಟ್ಟಿದ್ದ. ಅದರೊಳಗ ಹಳೇ ಎಡಿಟರ್, ಹಳೇ ಬಿಲ್ಡ್ ಟೂಲ್, ಆ ಪುಣ್ಯಾತ್ಮನ ಪ್ಲಗಿನ್, ಮೂರೂ ಇದ್ದಂಗೇ ಇದ್ದಾವ. ಇದನ್ನ ಯಾರೂ ತೊಳದಿಲ್ಲ!

ಎದ್ದು ಜಿಗದೆ. ಅವ್ವ ಸೌಟು ಹಿಡದು ಅಡ್ಡ ನಿಂತ್ಳು.

"ಪೂಜಾ ಆದ ಆಯುಧ. ನಾಳಿ ಬನ್ನಿ ಮುಡಿಯೋತನಕ ಯಾರೂ ಮುಟ್ಟಂಗಿಲ್ಲ."

"ಅವ್ವಾ, ಅಪ್ಪನ ಮಾತು ಹೋಗ್ತದ!"

"ದೇವರ ಮಾತು?"

ಅಪ್ಪ ಮೆಲ್ಲಗ ಅಂದ, "ಕಾರ್ಖಾನಿಯೊಳಗ ಪೂಜಾ ಆದ ಕೂಡ್ಲೆ ಮಷೀನ್ ಒಂದು ಸುತ್ತು ತಿರಗಸ್ತೀವಿ. ಅದಕ್ಕ ತನ್ನ ಕೆಲಸ ನೆನಪಿರಲಿ ಅಂತ."

ಅವ್ವ ವಿಚಾರ ಮಾಡಿದ್ಳು. ಅಪ್ಪನ ಇಸ್ತ್ರಿ ಅಂಗಿ ನೋಡಿದ್ಳು, ಅವನ ಮಾರಿ ನೋಡಿದ್ಳು. "ಒಂದು ಸುತ್ತು ಅಂದ್ರ ಒಂದೇ," ಅಂದ್ಳು. "ಮಣಿ ಮ್ಯಾಲಿಂದ ಎತ್ತಬಾರದು. ನೂಲು ಹರೀಬಾರದು. ಕಾಲು ತೊಳ್ಕೊಂಡು ಬಾ."

ಆ ಮುಂದಿನ ಅರ್ಧ ತಾಸು ನೆನಸಿದ್ರ ಈಗೂ ನಗು ತಡಿಯಕ್ಕ ಆಗಂಗಿಲ್ಲ. ನೂಲು ಸುತ್ತಿದ್ದಕ್ಕ ಲ್ಯಾಪ್‌ಟಾಪ್ ಪೂರ್ತಿ ತೆರಿಯಂಗಿಲ್ಲ, ಒಂದು ಗೇಣು ಅಷ್ಟೇ. ನಾ ದೇವರ ಮುಂದ ನಮಸ್ಕಾರ ಹಾಕಿದವರಂಗ ಬಗ್ಗಿ, ಗಲ್ಲ ನೆಲಕ್ಕ ಹಚ್ಚಿ, ಸಂದಿನಾಗ ಇಣಕಿ ನೋಡ್ಕೋತ ಒತ್ತಲತ್ತಿದ್ದೆ. ಚೆಂಡು ಹೂವ ಜಾರಿ ಜಾರಿ ಮೂಗಿನ ಮ್ಯಾಲ ಬೀಳ್ತಿತ್ತು. ಅಪ್ಪ ಬಾಗಲ ಮ್ಯಾಲಿನ ವೈಫೈ ಡಬ್ಬಿಯ ಪಿನ್ನೇ ಕಿತ್ತಿ ಕೈಯಾಗ ಹಿಡ್ಕೊಂಡು ನಿಂತ, "ಇದಕ್ಕ ಹೊರಗಿನ ಗಾಳಿ ತಾಕಬಾರದು" ಅಂತ. ಹೊಸ ಲ್ಯಾಪ್‌ಟಾಪಿನಿಂದ ಬರೆದದ್ದನ್ನ ಪೆನ್‌ಡ್ರೈವಿನಾಗ ತಂದೆ. ಚುಚ್ಚೋಕಿಂತ ಮೊದಲ ಅವ್ವ ಅದಕ್ಕೂ ಕುಂಕುಮ ಹಚ್ಚಿದ್ಳು.

ಎಂಟನೇ ಕಪಾಟು ಪೂರ್ತಿ ಸೇರಿಸಿದೆ. ಕಡಿಗೆ, ಯಾರಿಗೂ ಹೇಳದೇ, ನಂದೂ ಒಂದು ಸಾಲು ಸೇರಿಸಿದೆ. ಆಮ್ಯಾಲ ಉಸರು ಹಿಡದು ಬಿಲ್ಡ್ ಒತ್ತಿದೆ. ಒತ್ತಿದ್ರ ಕೀ ಕೆಳಗ ಹೋಗಲೇ ಇಲ್ಲ! ಅಕ್ಷತಾ ಕಾಳು ಸಿಕ್ಕೊಂಡಿತ್ತು. ಅವ್ವ ತನ್ನ ಸೀರಿ ಪಿನ್ನಿಲೆ ತೆಗದ್ಳು. ಮತ್ತ ಒತ್ತಿದೆ. ಸ್ಕ್ರೀನ್ ತುಂಬ ಹಳದಿ ಅಕ್ಷರದ ಎಚ್ಚರಿಕೆ ಇಳೀಲತ್ತು, ಇದು ಹಳೇದಾಗ್ಯದ, ಅದು ಹಳೇದಾಗ್ಯದ, ಎಲ್ಲಾ ಹಳೇದಾಗ್ಯದ. ಅವ್ವ ಬಗ್ಗಿ ನೋಡಿ, "ಅರಿಷಿಣ ಅದ. ಛಲೋನೇ ಆಗ್ತದ," ಅಂದ್ಳು.

ಒಂದು ಹಸರು ಸಾಲು ಬಂತು. ಬಿಲ್ಡ್ ಸಕ್ಸೆಸ್‌ಫುಲ್. ನಾ ನೆಲದ ಮ್ಯಾಲಿಂದಲೇ ಚೀರಿದೆ. ಅಪ್ಪ ವೈಫೈ ಪಿನ್ ಹಿಡ್ಕೊಂಡೇ ಕುಣದ, ಅವ್ವ ಸೌಟು ಹಿಡ್ಕೊಂಡೇ ಬೈದ್ಳು, ಬಾಜೂಮನಿ ಮಾವಶಿ ಏನಾಯ್ತಂತ ಓಡಿ ಬಂದ್ಳು. ಮಾವಶಿಗೆ ಏನಂತ ಹೇಳಬೇಕು? ಕಟ್ಟಿತು ಅಂದೆ. ಆಕಿಗೆ ಯಾರದೋ ಮನಿ ಕಟ್ಟಿತು ಅನಸ್ತು, ಪೇಢೆ ಕೇಳಿದ್ಳು.

ಅಪ್ಪನ ಗಾಡಿ ಹಿಂದ ಕೂತು ಶೇಂದ್ರಾಕ್ಕ ಮುಟ್ಟಿದಾಗ ಮೂರೂವರಿ. ಟೂಲ್‌ರೂಮಿನಾಗ ತೋರಣ ಕಟ್ಟಿದ್ರು, ಎಂಟೂ ಕಪಾಟಿಗೆ ಹೂವಿನ ಸರ. ಆರತಿ ಆಯ್ತು, ಕಾಯಿ ಒಡೀತು. ಪೆನ್‌ಡ್ರೈವಿನಿಂದ ಟ್ಯಾಬ್ಲೆಟ್ ಮ್ಯಾಲ ಆ್ಯಪ್ ಹಾಕಿದೆ. ಮ್ಯಾನೇಜರ್ ಸಾಹೇಬ್ರು ಪರೀಕ್ಷಾ ಮಾಡೋವ್ರಂಗ ಎಂಟನೇ ಕಪಾಟಿನ ಒಂದು ಇಂಚಿನ ಗೇಜಿನ ಹೆಸರು ಬಾಯಿಲೆ ಅಂದು ಒತ್ತಿದ್ರು. ಹೊಸದಾಗಿ ಸೇರಿದ ಒಬ್ಬ ಆಪರೇಟರ್ ಟ್ಯಾಬ್ಲೆಟ್ ನೋಡಿದ, ಸೀದಾ ಹೋದ, ಖಾನೆ ಎಳದ, ತಂದು ಕೈಯಾಗ ಇಟ್ಟ. ಎಲ್ಲಾರೂ ಚಪ್ಪಾಳಿ ಹೊಡದ್ರು.

ನಾ ಅಪ್ಪನ ಕಡೆ ನೋಡ್ಲತ್ತಿದ್ದೆ. ಸಾಹೇಬ್ರು ಗೇಜಿನ ಹೆಸರು ಅಂದ ಕೂಡ್ಲೆ ಅವನ ಕಾಲು ತಾನೇ ಒಂದು ಹೆಜ್ಜಿ ಕಪಾಟಿನ ಕಡೆ ಹೋಗಿತ್ತು. ಅಲ್ಲೇ ನಿಂತ್ಬಿಟ್ಟ. ಇಷ್ಟು ವರ್ಷ ಎಲ್ಲಾರೂ ಅವನ್ನ ಕೇಳ್ತಿದ್ರು, ಅವತ್ತು ಯಾರೂ ಕೇಳಲಿಲ್ಲ. ಕೈ ಹಿಂದ ಕಟ್ಕೊಂಡು, ನಗ್ತಾನೇ ಇದ್ದ, ಆದ್ರ ಆ ತೋರಣದ ಕೆಳಗ ಅಪ್ಪ ಒಮ್ಮಿಗೇ ಸಣ್ಣವ ಆದಂಗ ಕಂಡ. ಅಯ್ಯೋ, ಇವನ ಕೆಲಸಕ್ಕ ನಾನೇ ಕೊನಿ ಹಾಡಿದೆನೇನು ಅನಸ್ತು.

ಅಷ್ಟೊತ್ತಿಗೆ ಸಾಹೇಬ್ರು ಎಂಟನೇ ಕಪಾಟಿನ ಪಟ್ಟಿ ಕೆಳಗ ಕೆಳಗ ಸರಿಸಿ, ಕೊನೀ ಸಾಲಿಗೆ ನಿಂತು, ಮರಾಠಿಯೊಳಗ ಜೋರಾಗಿ ಓದಿದ್ರು: "ಸಾಮಾನು: ಹಳೇ ಮೇಸ್ತ್ರಿ, ಒಂದು. ಜಾಗ: ಅವರ ಮನಿ. ಉಪಯೋಗ: ಇಷ್ಟೆಲ್ಲಾ ನೋಡಿದ್ರೂ ಸಿಗದಿದ್ರ, ಸಿಕ್ಕರೂ ತಿಳಿಯದಿದ್ರ, ಫೋನ್ ಮಾಡಬೇಕು."

ಆ ಹೊಸ ಆಪರೇಟರ್ ಮೊದಲ ಕಿಸಕ್ಕಂದ. ಆಮ್ಯಾಲ ಟೂಲ್‌ರೂಮ್ ಹಾರಿ ಹೋಗೋ ಹಂಗ ನಗು. ಅಪ್ಪ ನನ್ನ ಕಡೆ ತಿರುಗಿ ಕನ್ನಡದಾಗ, "ನನ್ನನ್ನೂ ಪಾನಾದ ಕೂಡ ಹಾಕಿದ್ಯಾ, ಹುಚ್ಚಿ!" ಅಂದ. ಹಲ್ಲು ಕಾಣ್ತಿದ್ವು, ಕಣ್ಣು ತುಂಬಿದ್ವು. ನಂದೂ ತುಂಬಿದ್ವು, ಯಾಕ ಸುಳ್ಳು ಹೇಳ್ಲಿ. ಸಾಹೇಬ್ರು ಟ್ಯಾಬ್ಲೆಟ್ ಅಪ್ಪನ ಕೈಯಾಗ ಕೊಟ್ಟು, "ಪಟ್ಟಿಯೊಳಗ ಇದ್ದದ್ದು ಇರ್ತದ ಅಂತ ನಾನೇ ಹೇಳೀನಲ್ಲ," ಅಂದ್ರು.

ಅಪ್ಪ ಈಗ ಮನ್ಯಾಗ ಇರ್ತಾನ. ಹಳೇ ಲ್ಯಾಪ್‌ಟಾಪ್ ಮತ್ತ ಅರಿವಿಯೊಳಗ ಅದ, ಅದರ ಮ್ಯಾಲ ಅಪ್ಪ ಕನ್ನಡದಾಗ ಚೀಟಿ ಅಂಟಿಸ್ಯಾನ: ತೊಳಿಬ್ಯಾಡ. ನಾ ರಜಾಕ್ಕ ಹೋದಾಗ ನೋಡ್ತೀನಿ, ಸರಿಯಾಗಿ ಊಟಕ್ಕ ಕೂತಾಗೇ ಶೇಂದ್ರಾದಿಂದ ಫೋನ್ ಬರ್ತದ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಗೊಣಗ್ತಾಳ. ಅಪ್ಪ ಬಾಯಾಗಿನ ತುತ್ತು ಗಬಗಬ ನುಂಗಿ, ಎಡಗೈಲೆ ಫೋನ್ ಎತ್ತಿ, "ಹೇಳ್ರಿ, ಎಷ್ಟನೇ ಖಾನೆ?" ಅಂತಾನ.